ಕಿತ್ತಿಕೊ, ಹಚ್ಚಿಕೊ



ಉತ್ತರ ಕರ್ನಾಟಕದ ಆಡುಮಾತಿನಲ್ಲಿ ‘ಹಚ್ಚು’ ಎಂಬ ಸಣ್ಣ ಕ್ರಿಯಾಪದಕ್ಕೆ ದೊಡ್ಡ ಸಂಸಾರವಿದೆ. ದೇವರ ಮುಂದೆ ದೀಪ ಹಚ್ಚುತ್ತೇವೆ, ಗಾಯಕ್ಕೆ ಮುಲಾಮು ಹಚ್ಚುತ್ತೇವೆ, ಮಗುವನ್ನು ಸಾಲಿಗೆ ಹಚ್ಚುತ್ತೇವೆ, ಸಸಿಯನ್ನು ನೆಲಕ್ಕೆ ಹಚ್ಚುತ್ತೇವೆ. ಈ ಎಲ್ಲ ಪ್ರಯೋಗಗಳಲ್ಲೂ ಒಂದು ಜವಾಬ್ದಾರಿಯ ಧ್ವನಿಯಿದೆ. ಹಚ್ಚಿದವನು ಹಚ್ಚಿದ್ದನ್ನು ನೋಡಿಕೊಳ್ಳಬೇಕು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕೂಸನೂರಿನಲ್ಲಿ ಈ ಪದವೇ ಒಂದು ಸತ್ಯಾಗ್ರಹದ ಹೆಸರಾಯಿತು: ‘ಕಿತ್ತಿಕೊ–ಹಚ್ಚಿಕೊ’. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಸೀಮೆಯಲ್ಲಿ ಇಂದು ಇಪ್ಪತ್ತರ ಹರೆಯದಲ್ಲಿರುವ ಅನೇಕರಿಗೆ ಆ ದಿನದ ವಿಷಯ ತಿಳಿದಿಲ್ಲವೆಂಬುದನ್ನು ಹಳ್ಳಿಗಳ ಸಂಪರ್ಕದಲ್ಲಿ ನಾನು ಕಂಡಿದ್ದೇನೆ. ಆದುದರಿಂದ ಅದನ್ನು ನಿಮ್ಮೊಡನೆ ನೆನೆಯಬೇಕೆನಿಸಿತು.

ಯಾರದೂ ಅಲ್ಲದ, ಎಲ್ಲರದೂ ಆದ ನೆಲ

ಮೊದಲು ಗಾಯರಾಣದ ಮಾತು. ಹಳೆಯ ಮೈಸೂರಿನವರು ಗೋಮಾಳ ಎನ್ನುವುದನ್ನು ನಮ್ಮ ಭಾಗದವರು ಗಾಯರಾಣ ಎನ್ನುತ್ತಾರೆ. ಊರಂಚಿನ ಆ ಕುರುಚಲು ನೆಲ ಹೊರಗಿನವರ ಕಣ್ಣಿಗೆ ಬರಡು. ಊರಿನವರ ಕಣ್ಣಿಗೆ ಅದು ಉಗ್ರಾಣ. ಕುರುಬರ ಕುರಿಗಳು ಮೇಯುವುದು ಅಲ್ಲಿ. ಸ್ವಂತ ಹೊಲವಿಲ್ಲದ ತಾಯಿ ಒಲೆಗೆ ಪುಳ್ಳೆ ಆಯುವುದು ಅಲ್ಲಿ. ರಂಟೆ, ಕುಂಟೆ, ನೊಗಗಳಿಗೆ ಬೇಕಾದ ಜಾಲಿಯ ಮರ ದೊರೆಯುವುದು ಅಲ್ಲಿ. ಬಾರಿಹಣ್ಣು, ಕವಳಿಹಣ್ಣುಗಳಿಗಾಗಿ ಮಕ್ಕಳು ಓಡುವುದೂ ಅಲ್ಲಿಗೇ. ಹತ್ತಾರು ಎಕರೆಯ ಒಡೆಯನಿಗೆ ಗಾಯರಾಣವಿಲ್ಲದಿದ್ದರೂ ನಡೆದೀತು. ಏನೂ ಇಲ್ಲದವನಿಗೆ ಅದೇ ಆಸ್ತಿ.

ಇಂಥ ನೆಲ ಕೈತಪ್ಪಿದಾಗ ಯಾರ ಮನೆಯನ್ನೂ ಕೆಡವುವುದಿಲ್ಲ, ಯಾರ ಸಾಮಾನನ್ನೂ ಬೀದಿಗೆ ಎಸೆಯುವುದಿಲ್ಲ. ಆದರೂ ಜನ ಒಕ್ಕಲೇಳುತ್ತಾರೆ. ಮೊದಲು ಕುರಿ ಮಾರಾಟವಾಗುತ್ತವೆ, ಬಳಿಕ ಆಕಳು, ಕೊನೆಗೆ ಹಿರಿಯ ಮಗ ದುಡಿಮೆ ಅರಸಿ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಹಾನಗಲ್ ಭಾಗದ ಒಬ್ಬ ವೃದ್ಧ ಕುರಿಗಾರರು ಒಮ್ಮೆ ನನಗೆ ಹೇಳಿದರು: “ಮನಿ ಐತ್ರಿ ಫಾದರ್, ಊರ ಇಲ್ರಿ.” ಒಕ್ಕಲೆಬ್ಬಿಸುವಿಕೆಯ ಬಗ್ಗೆ ನಾನು ಓದಿದ ಯಾವ ವರದಿಯೂ ಅಷ್ಟು ಸ್ಪಷ್ಟವಾಗಿ ವಿಷಯವನ್ನು ತಿಳಿಸಿಲ್ಲ. ಅಣೆಕಟ್ಟಿನ ನೀರು ನುಗ್ಗಿದಾಗ ಮುಳುಗಡೆ ಎಲ್ಲರಿಗೂ ಕಾಣುತ್ತದೆ. ಗಾಯರಾಣ ಹೋದಾಗ ಆಗುವ ಮುಳುಗಡೆಯನ್ನು ಯಾವ ಕಚೇರಿಯೂ ಲೆಕ್ಕ ಹಿಡಿಯುವುದಿಲ್ಲ, ಯಾರೂ ಪರಿಹಾರ ಕೇಳುವುದಿಲ್ಲ.

ಒಂದು ಕಲಮಿನ ದೀರ್ಘಾಯುಷ್ಯ

ಊರಿನ ನೆಲ ಊರಿನದಲ್ಲವೆಂದು ಬರೆದವರಾರು? 1818ರಲ್ಲಿ ಪೇಶ್ವೆಗಳ ಆಳ್ವಿಕೆ ಕೊನೆಗೊಂಡ ಬಳಿಕ ಧಾರವಾಡ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತು. ನವಾಬರ ಸಂಸ್ಥಾನವಾಗಿದ್ದ ಸವಣೂರು ಮಾತ್ರ 1948ರವರೆಗೆ ಪ್ರತ್ಯೇಕವಾಗಿ ಉಳಿಯಿತು. ಮುಂಬಯಿ ಸರಕಾರದ 1879ರ ಭೂಕಂದಾಯ ಸಂಹಿತೆಯ 37ನೆಯ ಕಲಮು, ಬೇರೆಯವರ ಸ್ವತ್ತೆಂದು ಸಿದ್ಧವಾಗದ ಎಲ್ಲ ನೆಲವೂ ಸರಕಾರದ್ದೆಂದು ಸಾರಿತು. ಅದಕ್ಕೆ ಒಂದು ವರ್ಷ ಮೊದಲು, 1878ರಲ್ಲಿ, ಭಾರತೀಯ ಅರಣ್ಯ ಕಾಯಿದೆ ಬಂದಿತ್ತು. ಆ ಕಾಯಿದೆಯ ಪೂರ್ವದಲ್ಲಿ ಬ್ರಿಟಿಷ್ ಅಧಿಕಾರಿಗಳಲ್ಲೇ ಒಂದು ವಾದ ನಡೆದಿತ್ತು. ಅರಸನು ಸ್ಪಷ್ಟವಾಗಿ ದತ್ತಿ ಕೊಟ್ಟದ್ದನ್ನು ಬಿಟ್ಟರೆ ಉಳಿದ ಕಾಡೆಲ್ಲ ಸರಕಾರದ್ದೆಂದು ಬೇಡನ್-ಪೊವೆಲ್ ವಾದಿಸಿದರು. ತಲತಲಾಂತರದ ಬಳಕೆಯಿಂದಲೇ ಹಳ್ಳಿಗರಿಗೆ ಹಕ್ಕು ಬರುತ್ತದೆ, ಗ್ರಾಮಗಳಿಗೆ ಸ್ವಂತ ಅರಣ್ಯವಿರಬೇಕು ಎಂಬ ಕಡೆಗೆ ಒಲಿದವರು ಅರಣ್ಯ ಇಲಾಖೆಯ ಮೊದಲ ಮಹಾನಿರೀಕ್ಷಕ ಡೀಟ್ರಿಚ್ ಬ್ರಾಂಡಿಸ್. ಕಾಯಿದೆಯಲ್ಲಿ ಗೆದ್ದದ್ದು ಬೇಡನ್-ಪೊವೆಲ್ ಅವರ ವಾದ. ಗ್ರಾಮಾರಣ್ಯದ ಮಾತು 1927ರ ಕಾಯಿದೆಯ 28ನೆಯ ಕಲಮಿನಲ್ಲೂ ಉಳಿಯಿತು, ಬಹುತೇಕ ಕಾಗದದ ಮೇಲೆಯೇ ಉಳಿಯಿತು.

ಸ್ವಾತಂತ್ರ್ಯ ಬಂದಿತು, ರಾಜ್ಯಗಳ ಏಕೀಕರಣವಾಯಿತು. 1964ರ ಕರ್ನಾಟಕ ಭೂಕಂದಾಯ ಅಧಿನಿಯಮವನ್ನು ತೆರೆದು ನೋಡಿದರೆ ಅದೇ ತತ್ತ್ವ 67ನೆಯ ಕಲಮಿನಲ್ಲಿ ಕುಳಿತಿದೆ. ಧ್ವಜ ಬದಲಾಯಿತು, ಕಲಮಿನ ಸಂಖ್ಯೆ ಬದಲಾಯಿತು, ತತ್ತ್ವ ಬದಲಾಗಲಿಲ್ಲ. ಆದರೂ ನ್ಯಾಯಕ್ಕಾಗಿ ಒಂದು ಮಾತು ಹೇಳಬೇಕು. 1966ರ ಭೂಕಂದಾಯ ನಿಯಮಗಳ 97ನೆಯ ನಿಯಮ, ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರಿನಂತೆ ಉಚಿತ ಹುಲ್ಲುಗಾವಲನ್ನು ಮೀಸಲಿಡಬೇಕೆಂದು ಹೇಳುತ್ತದೆ. ಅಂದರೆ ಹಸುವಿನ ಪಾಲು ಕಾನೂನಿಗೂ ಗೊತ್ತು. ಆ ಪಾಲನ್ನು ಕೇಳುವವರು ಬೇಕು.

ತರುಣರ ಸಾಲು

ಕೇಳುವವರು ನಮ್ಮ ಸೀಮೆಯಲ್ಲಿ ಹಿಂದೆಯೂ ಇದ್ದರು. ಕಾಯಿದೆ ಭಂಗ ಚಳವಳಿಯ ದಿನಗಳಲ್ಲಿ ಅಂಕೋಲಾ, ಸಿದ್ದಾಪುರಗಳಂತೆ ಹಿರೇಕೆರೂರು ಭಾಗದಲ್ಲೂ ರೈತರು ಕಂದಾಯ ಕೊಡಲು ನಿರಾಕರಿಸಿದರು. 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಡನೆ ಹೆಜ್ಜೆ ಹಾಕಿದ ಕನ್ನಡಿಗ, ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರಿಗೆ ಆಗ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ಜನರಿಂದ ವಸೂಲಾದ ಕಂದಾಯದ ಹಣವಿದ್ದ ದೇವಾಲಯದ ಬಳಿ, ಅವರು ಪೊಲೀಸರ ಗುಂಡಿಗೆ ಬಲಿಯಾದರು. ಅವರೊಡನೆ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರೂ ಅಸುನೀಗಿದರು. ಮಹದೇವಪ್ಪನವರ ವಯಸ್ಸು ಆಗ 31. ಪರಕೀಯರ ಸರಕಾರಕ್ಕೆ ನೆಲದ ಮೇಲೆ ಎಷ್ಟರ ಮಟ್ಟಿನ ಅಧಿಕಾರ ಎಂಬ ಪ್ರಶ್ನೆಯನ್ನು ಆ ತಲೆಮಾರು ತನ್ನ ರಕ್ತದಿಂದ ಕೇಳಿತು.

ಸ್ವಕೀಯರ ಸರಕಾರಕ್ಕೂ ಅದೇ ಪ್ರಶ್ನೆಯನ್ನು ಕೇಳಬೇಕಾಗಿ ಬಂದದ್ದು ನಲವತ್ತು ವರ್ಷಗಳ ತರುವಾಯ. 1983ರ ಸೆಪ್ಟೆಂಬರ್ 8ರಂದು ಹಾನಗಲ್ಲಿಗೆ ನೆರೆಯ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತರು. ‘ಅಪ್ಪಿಕೋ’ ಚಳವಳಿಯೆಂದು ಹೆಸರಾದ ಆ ಪ್ರಯತ್ನದ ಹಿಂದೆ ಹಳ್ಳಿಯ ಯುವಕ ಮಂಡಳಿಯ ಹುಡುಗರಿದ್ದರು. ಇತ್ತ ರಾಣೆಬೆನ್ನೂರು ತಾಲ್ಲೂಕಿನಲ್ಲಿ, ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯಿಂದ ತುಂಗಭದ್ರೆ ಮಲಿನವಾಗುತ್ತಿದೆಯೆಂದು ದಂಡೆಯ ಹಳ್ಳಿಗಳು ದನಿಯೆತ್ತಿದ್ದವು. ಅಮೆರಿಕದಲ್ಲಿನ ವೃತ್ತಿಯನ್ನು ತೊರೆದು 1979ರಲ್ಲಿ ಮೇಡ್ಲೇರಿಗೆ ಬಂದು ಗ್ರಾಮಸೇವೆಗೆ ನಿಂತಿದ್ದ ಎಸ್.ಆರ್. ಹಿರೇಮಠರು ಹಾಗೂ ಅವರ ಸಂಗಡಿಗರು 1984ರಲ್ಲಿ ಸಮಾಜ ಪರಿವರ್ತನ ಸಮುದಾಯವನ್ನು ಕಟ್ಟಿದರು.

ಅದೇ 1984ರ ನವೆಂಬರ್ 14ರಂದು ಕರ್ನಾಟಕ ಸರಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ‘ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್’ ಎಂಬ ಜಂಟಿ ಕಂಪನಿಯನ್ನು ಹುಟ್ಟುಹಾಕಿದವು. ಸರಕಾರದ ಪಾಲು ನೂರಕ್ಕೆ 51, ಕಾರ್ಖಾನೆಯ ಪಾಲು 49. ರೇಯಾನಿಗೆ ಬೇಕಾದ ತಿರುಳಿಗಾಗಿ ನೀಲಗಿರಿಯಂಥ ಶೀಘ್ರ ಬೆಳೆಯುವ ಮರಗಳನ್ನು ಬೆಳೆಸುವುದು ಉದ್ದೇಶ. ಅದಕ್ಕಾಗಿ ಹಲವು ಜಿಲ್ಲೆಗಳಲ್ಲಿ ಹರಡಿದ್ದ ಸುಮಾರು 30,000 ಹೆಕ್ಟೇರ್ ಸಾಮೂಹಿಕ ಭೂಮಿಯನ್ನು ಗುರುತಿಸಲಾಯಿತು. ಆ ನೆಲದಲ್ಲಿ ಮೇಯುವ ದನಗಳನ್ನು ಯಾರೂ ಎಣಿಸಲಿಲ್ಲ. ಅಲ್ಲಿ ಪುಳ್ಳೆ ಆಯುವ ತಾಯಂದಿರನ್ನು ಯಾರೂ ಕೇಳಲಿಲ್ಲ. ಕೇಳಬೇಕಾದ ಅಗತ್ಯವೂ ಕಾನೂನಿನ ಕಣ್ಣಿಗೆ ಕಾಣಲಿಲ್ಲ, ಏಕೆಂದರೆ ಹಳೆಯ ಕಲಮಿನ ಪ್ರಕಾರ ನೆಲ ಸರಕಾರದ್ದಷ್ಟೆ.

ಆ ದಿನ ನಡೆದದ್ದು

ಪ್ರತಿರೋಧ ಎರಡು ದಾರಿಗಳಲ್ಲಿ ನಡೆಯಿತು. ಒಂದು ನ್ಯಾಯಾಲಯದ ದಾರಿ. ಸರಕಾರದ ಕ್ರಮವು ಸಮಾನತೆಯ ಹಕ್ಕನ್ನು ಹೇಳುವ 14ನೆಯ ವಿಧಿಗೂ ಜೀವಿಸುವ ಹಕ್ಕನ್ನು ಹೇಳುವ 21ನೆಯ ವಿಧಿಗೂ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯಕ್ಕೆ ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ಸಲ್ಲಿಕೆಯಾಯಿತು. ಅರ್ಜಿದಾರರಲ್ಲಿ ಮೊದಲ ಹೆಸರು ಎಂಬತ್ತು ದಾಟಿದ್ದ ಕೋಟ ಶಿವರಾಮ ಕಾರಂತರದು. 1987ರ ಮಾರ್ಚ್ 24ರಂದು ನ್ಯಾಯಾಲಯ ತಡೆಯಾಜ್ಞೆ ನೀಡಿತು. ತಾರುಣ್ಯ ವಯಸ್ಸಿನ ಮಾತಷ್ಟೇ ಅಲ್ಲವೆಂಬುದಕ್ಕೆ ಕಾರಂತರ ಆ ಸಹಿಯೇ ಸಾಕ್ಷಿ.

ಎರಡನೆಯದು ಕಾಲ್ನಡಿಗೆಯ ದಾರಿ. ಕೂಸನೂರಿನಲ್ಲಿ ಆಗಲೇ ಸುಮಾರು 400 ಹೆಕ್ಟೇರ್ ನೆಲ ಕಂಪನಿಗೆ ಹಸ್ತಾಂತರವಾಗಿ ನೀಲಗಿರಿಯ ಸಸಿಗಳು ಏಳತೊಡಗಿದ್ದವು. ತಡೆಯಾಜ್ಞೆ ಬಂದಿದೆಯೆಂದು ಕೈಕಟ್ಟಿ ಕೂರದೆ ಸುತ್ತಲ ಹಳ್ಳಿಗಳವರು ಅಹಿಂಸೆಯ ತರಬೇತಿ ಶಿಬಿರಗಳಲ್ಲಿ ಸಿದ್ಧರಾದರು. ಕಂಪನಿ ಹುಟ್ಟಿ ಸರಿಯಾಗಿ ಮೂರು ವರ್ಷ ತುಂಬಿದ ದಿನವನ್ನೇ ಆರಿಸಿಕೊಂಡರು. ಅಂದು ಸುಮಾರು 2,000 ಜನ ಕೂಡಿದರು. ಅಹಿಂಸೆಯ ಪ್ರತಿಜ್ಞೆ ಸ್ವೀಕರಿಸಿ ಮೆರವಣಿಗೆಯಲ್ಲಿ ಹೊರಟರು. ಮುಂದೆ ಹೆಂಗಸರು, ವಾದ್ಯದವರು, ಹಿಂದೆ ಗಂಡಸರು, ಮಕ್ಕಳು. ವಿವಾದದ ನೆಲಕ್ಕೆ ಹೋಗಿ ನೂರರಷ್ಟು ನೀಲಗಿರಿ ಸಸಿಗಳನ್ನು ಕಿತ್ತರು. ಆ ಸ್ಥಳದಲ್ಲಿ ಹಣ್ಣಿಗೂ ಮೇವಿಗೂ ಒದಗುವ ಸ್ಥಳೀಯ ಸಸಿಗಳನ್ನು ಹಚ್ಚಿದರು. ಹಚ್ಚಿದ ಸಸಿಗಳಿಗೆ ನೀರೆರೆದು ಕಾಪಾಡುತ್ತೇವೆಂದು ಇನ್ನೊಂದು ಪ್ರತಿಜ್ಞೆ ಮಾಡಿ ಚದುರಿದರು.

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಒಂದೇ ದಿನದಲ್ಲಿ ಎರಡು ಪ್ರತಿಜ್ಞೆಗಳು. ಮೊದಲನೆಯದು ಕೈಯನ್ನು ಹಿಡಿತದಲ್ಲಿಡುವ ಪ್ರತಿಜ್ಞೆ, ಎರಡನೆಯದು ಕೈಯನ್ನು ಕೆಲಸಕ್ಕೆ ಹಚ್ಚುವ ಪ್ರತಿಜ್ಞೆ. 2006ರ ಮಾರ್ಚ್ 8ರಂದು ಬ್ರೆಜಿಲ್ ದೇಶದ ದಕ್ಷಿಣ ಭಾಗದಲ್ಲಿ ರೈತಮಹಿಳೆಯರು ಒಂದು ಕಾಗದದ ತಿರುಳಿನ ಕಂಪನಿಯ ಸಸ್ಯಪಾಲನಾ ಕೇಂದ್ರಕ್ಕೆ ನುಗ್ಗಿ ನೀಲಗಿರಿಯ ಎಳೆಸಸಿಗಳನ್ನು ನಾಶಪಡಿಸಿದ ಸುದ್ದಿ ಲೋಕಕ್ಕೆಲ್ಲ ಹರಡಿತು. ಅವರ ನೋವೂ ಕೂಸನೂರಿನ ನೋವೂ ಒಂದೇ. ಆದರೆ ನಮ್ಮವರು ಕಿತ್ತ ಗುಂಡಿಯನ್ನು ಖಾಲಿ ಬಿಡಲಿಲ್ಲ. ಖಾಲಿ ಗುಂಡಿ ಕೋಪವನ್ನು ಮಾತ್ರ ಹೇಳುತ್ತದೆ. ಸಸಿ ಹಚ್ಚಿದ ಗುಂಡಿ ‘ಈ ನೆಲದ ಆರೈಕೆ ನಮ್ಮದು’ ಎಂದು ಹೇಳುತ್ತದೆ. ಒಡೆತನದ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಅದು.

ಅವರ ತಕರಾರು ಪರದೇಶದ ಮರದೊಡನೆಯೂ ಆಗಿರಲಿಲ್ಲ. ಸವಣೂರಿನ ದೊಡ್ಡಹುಣಸೆಯ ಮರಗಳನ್ನು ನೀವು ನೋಡಿರಬಹುದು. ಹತ್ತಾರು ಜನ ಕೈಕೈ ಹಿಡಿದರೂ ತಬ್ಬಲಾಗದ ಆ ಮರಗಳ ತವರು ಆಫ್ರಿಕ. ಎಂದೋ ಬಂದ ಆ ಅತಿಥಿಗಳ ನೆರಳಿನಲ್ಲಿ ಮಠ ನಿಂತಿದೆ, ಅವುಗಳ ಹೆಸರೇ ಮಠಕ್ಕೂ ಬಂದಿದೆ. ಮರ ಎಲ್ಲಿಂದ ಬಂದಿತೆಂಬುದು ಪ್ರಶ್ನೆಯಲ್ಲ. ಯಾರಿಗಾಗಿ ಬೆಳೆಯುತ್ತದೆ, ಯಾರ ಒಪ್ಪಿಗೆಯಿಂದ ಬೆಳೆಯುತ್ತದೆ, ತನ್ನ ಕೆಳಗೆ ಹುಲ್ಲನ್ನೂ ಹಸುವನ್ನೂ ಇರಗೊಡುತ್ತದೆಯೇ ಎಂಬುದು ಪ್ರಶ್ನೆ.

ನಾಬೋತನ ಒಂಟಿತನ

ಅರಸುಗಳ ಮೊದಲನೆಯ ಗ್ರಂಥದ ನಾಬೋತನ ವೃತ್ತಾಂತ ನಿಮಗೆ ತಿಳಿದದ್ದೇ. ಅರಸ ಅಹಾಬನಿಗೆ ಅರಮನೆಯ ಪಕ್ಕದ ದ್ರಾಕ್ಷಿತೋಟ ಕಾಯಿಪಲ್ಲೆ ಬೆಳೆಯಲು ಬೇಕು. ಅವನು ಬದಲಿ ತೋಟ ಕೊಡುತ್ತೇನೆನ್ನುತ್ತಾನೆ, ಬೆಲೆ ಕೊಡುತ್ತೇನೆನ್ನುತ್ತಾನೆ. ಪಿತ್ರಾರ್ಜಿತವನ್ನು ಮಾರಲಾರೆನೆಂದು ನಾಬೋತ ನಿರಾಕರಿಸುತ್ತಾನೆ. ಆಮೇಲೆ ನಡೆಯುವುದೆಲ್ಲ ಕಾನೂನಿನ ವೇಷದಲ್ಲೇ ನಡೆಯುತ್ತದೆ: ಅರಸನ ಮುದ್ರೆಯೊತ್ತಿದ ಪತ್ರ, ಊರಹಿರಿಯರ ಸಭೆ, ಇಬ್ಬರು ಸಾಕ್ಷಿಗಳು, ತೀರ್ಪು, ಕಲ್ಲು. ಗುರುಮಠದ ದಿನಗಳಿಂದ ಈ ಭಾಗವನ್ನು ಓದುತ್ತ ಬಂದಿದ್ದೇನೆ. ವಯಸ್ಸಾದಂತೆ ನನ್ನನ್ನು ಹೆಚ್ಚು ಕಾಡುವುದು ಈಜೆಬೆಲಳ ಕುತಂತ್ರಕ್ಕಿಂತ ಆ ಊರಹಿರಿಯರ ಮೌನ. ಪತ್ರ ಓದಿದ ಒಬ್ಬನಾದರೂ ‘ಇದು ತಪ್ಪು’ ಎನ್ನಲಿಲ್ಲ. ನಾಬೋತನ ಪಕ್ಕದಲ್ಲಿ ಒಬ್ಬ ತರುಣನೂ ನಿಲ್ಲಲಿಲ್ಲ. ಪ್ರವಾದಿ ಎಲೀಯ ಬರುತ್ತಾನೆ, ಆದರೆ ನಾಬೋತ ಸತ್ತ ಮೇಲೆ.

ಜನಸಂಘಟನೆಯೆಂದರೆ ನಾಬೋತನನ್ನು ಒಂಟಿಯಾಗಲು ಬಿಡದಿರುವುದು. ಪ್ರವಾದಿ ಬರುವವರೆಗೆ ಕಾಯದೆ ನೆರೆಯವನೇ ಎದ್ದು ನಿಲ್ಲುವುದು. ಪೋಪ್ ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ, ಸಹಜ ಕಾಡಿನ ಜಾಗದಲ್ಲಿ ಒಂದೇ ಜಾತಿಯ ಮರಗಳ ತೋಪು ಎಬ್ಬಿಸುವುದರ ಪರಿಣಾಮವನ್ನು ಸರಿಯಾಗಿ ಪರಿಶೀಲಿಸುವುದು ಅಪರೂಪವೆಂದು ಎಚ್ಚರಿಸಿದರು. ಅದನ್ನು ಓದುವಾಗ, ಸುಮಾರು 28 ವರ್ಷ ಮೊದಲೇ ನಮ್ಮ ನೆರೆಯ ಹಳ್ಳಿಯ ಅಕ್ಷರ ಬಾರದ ತಾಯಂದಿರು ಅದನ್ನು ಪರಿಶೀಲಿಸಿ ಮುಗಿಸಿದ್ದರೆಂದು ನನಗನಿಸಿತು.

ಕಂಪನಿ ಹೋದ ಮೇಲೆ

ಕರ್ನಾಟಕ ಪಲ್ಪ್‌ವುಡ್ಸ್ 1991ರಲ್ಲಿ ಮುಚ್ಚಿತು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳು 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಹೊಸ ಹಾವೇರಿ ಜಿಲ್ಲೆಗೆ ಸೇರಿದವು. 2013ರ ಹೊಸ ಕಾನೂನು 1894ರ ಭೂಸ್ವಾಧೀನ ಕಾಯಿದೆಯನ್ನು ರದ್ದುಗೊಳಿಸಿತು. 2017ರಲ್ಲಿ ರಾಜ್ಯ ಸರಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿ ಆದೇಶ ಹೊರಡಿಸಿತು. ಇಷ್ಟನ್ನು ಓದಿ ನಿಟ್ಟುಸಿರು ಬಿಟ್ಟು ಪುಟ ತಿರುಗಿಸಬಹುದಿತ್ತು. ಆದರೆ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಕಂಪನಿಯಿಂದ ಉಳಿದ ಗಾಯರಾಣ ನಮ್ಮಿಂದ ಉಳಿಯಿತೇ?

ಹಳ್ಳಿಗಳಲ್ಲಿ ತಿರುಗಾಡುವವರಿಗೆ ಉತ್ತರ ಕಾಣುತ್ತದೆ. ಬದುವಿನ ಕಲ್ಲು ವರ್ಷಕ್ಕೊಂದು ಮಾರು ಸರಿಯುತ್ತದೆ. ಊರಿನ ಬಲವಂತನ ಹೊಲ ಗಾಯರಾಣದ ಒಳಗೆ ನಡೆದು ಹೋಗುತ್ತದೆ. ಇದನ್ನು ಹೇಳುವಾಗ ಎಚ್ಚರವೂ ಬೇಕು. ಒತ್ತುವರಿದಾರರೆಲ್ಲ ಒಂದೇ ಅಲ್ಲ. ಗೇಣು ನೆಲವಿಲ್ಲದೆ ಎರಡೆಕರೆ ಬಗರ್‌ಹುಕುಂ ಉಳುಮೆ ಮಾಡಿ, ನಮೂನೆ 50, 53, 57 ಎಂದು ಅರ್ಜಿಗಳ ಹಿಂದೆ ತಿರುಗಿ ಮುದುಕನಾದವನನ್ನೂ, ಐವತ್ತು ಎಕರೆಯಿದ್ದು ಮತ್ತೈದನ್ನು ನುಂಗಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಅರಣ್ಯಭೂಮಿಯಲ್ಲಿ ಉಳುಮೆ ಮಾಡುವ ಬುಡಕಟ್ಟಿನವರಲ್ಲದ ಬಡವನ ಪಾಡು ಇನ್ನೂ ಕಷ್ಟ. 2006ರ ಅರಣ್ಯ ಹಕ್ಕು ಕಾಯಿದೆ ಅವನಿಂದ ಮೂರು ತಲೆಮಾರುಗಳ, ಅಂದರೆ 75 ವರ್ಷಗಳ ವಾಸದ ಆಧಾರ ಕೇಳುತ್ತದೆ. ಗುಡಿಸಲಿನಲ್ಲಿ ಹುಟ್ಟಿ ಗುಡಿಸಲಿನಲ್ಲೇ ಸತ್ತ ಅಜ್ಜ ಯಾವ ಕಾಗದ ಬಿಟ್ಟುಹೋದಾನು?

ಗ್ರಾಮಗಳ ಸಾಮೂಹಿಕ ಭೂಮಿಯ ಅಕ್ರಮ ಒತ್ತುವರಿಯನ್ನು ತೆರವುಗೊಳಿಸಿ ಊರಿಗೆ ಮರಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಭೂಹೀನರಿಗೆ ಕೊಟ್ಟ ಪಟ್ಟಾ, ಶಾಲೆ, ಆಸ್ಪತ್ರೆಗಳಂಥ ವಿಶೇಷ ಸಂದರ್ಭಗಳಿಗೆ ವಿನಾಯಿತಿಯನ್ನೂ ತೋರಿಸಿತು. ಆದೇಶವಿದೆ, ನಿಯಮವಿದೆ. ನೆರೆಮನೆಯವನೆದುರು ಹೋಗಿ ಅದನ್ನು ಓದಿ ಹೇಳುವ ಧೈರ್ಯ ಬೇಕಾಗಿದೆ. ದೂರದ ಕಂಪನಿಯ ವಿರುದ್ಧ ಘೋಷಣೆ ಕೂಗುವುದು ಸುಲಭ. ನಾಳೆ ಬೆಳಿಗ್ಗೆ ಅದೇ ನಲ್ಲಿಯ ಬಳಿ, ಅದೇ ಚಹಾದಂಗಡಿಯಲ್ಲಿ ಎದುರಾಗುವವನಿಗೆ ‘ಕಾಕಾ, ಈ ಬದು ಇಲ್ಲಿರಲಿಲ್ಲ’ ಎಂದು ವಿನಯದಿಂದ ಹೇಳುವುದು ಕಷ್ಟ. ಕೂಸನೂರಿನ ಜನ ಅಹಿಂಸೆಯ ತರಬೇತಿ ಪಡೆದದ್ದು ಪೊಲೀಸರನ್ನು ಎದುರಿಸಲೆಂದು. ನಮ್ಮ ಯುವಜನರಿಗೆ ಆ ತರಬೇತಿ ಹೆಚ್ಚಾಗಿ ಬೇಕಾಗಿರುವುದು ಸ್ವಂತ ಓಣಿಯಲ್ಲಿ ಸತ್ಯ ಹೇಳಲು.

ಆದುದರಿಂದ ಈ ಪುಟವನ್ನು ಓದುತ್ತಿರುವ ತರುಣ ತರುಣಿಯರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಊರಿಗೆ ಎಷ್ಟು ಎಕರೆ ಗಾಯರಾಣವಿದೆ, ಅದರ ಸರ್ವೆ ನಂಬರು ಯಾವುದು ಎಂದು ಗ್ರಾಮ ಆಡಳಿತಾಧಿಕಾರಿಗಳಲ್ಲಿ ವಿಚಾರಿಸಿರಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಬರೆಯಿರಿ. ನಕಾಶೆ ಸಿಕ್ಕ ಮೇಲೆ ಒಬ್ಬರೇ ಹೋಗಬೇಡಿರಿ. ಕುರಿ ಕಾಯುವ ಅಜ್ಜನನ್ನೂ ಪುಳ್ಳೆ ಆಯುವ ಅವ್ವನನ್ನೂ ಕರೆದುಕೊಂಡು, ಜಾತಿ ಮತಗಳ ಎಣಿಕೆಯಿಲ್ಲದೆ ಹತ್ತು ಜನ ಸೇರಿ, ಅದರ ಎಲ್ಲೆಯನ್ನು ಒಂದು ಸುತ್ತು ನಡೆಯಿರಿ. ಅದರ ನೆನಪು ಕಾಗದಕ್ಕಿಂತ ಅವರಿಗೆ ಚೆನ್ನಾಗಿದೆ. ಕಂಡದ್ದನ್ನು ಗ್ರಾಮಸಭೆಯಲ್ಲಿ ಶಾಂತವಾಗಿ ಹೇಳಿರಿ, ನಿರ್ಣಯದ ಪುಸ್ತಕದಲ್ಲಿ ಬರೆಯಿಸಿರಿ. ಭೂಹೀನನ ಎರಡೆಕರೆಗೆ ಮೊದಲು ನ್ಯಾಯ ಕೇಳಿರಿ, ಬಳಿಕ ಬಲವಂತನ ಬದುವಿನ ಮಾತೆತ್ತಿರಿ.

ಮುಂಗಾರು ಬಂದಾಗ ಆ ನೆಲದಲ್ಲಿ ಒಂದು ಹುಣಸೆ, ಒಂದು ಬೇವು, ಒಂದು ಹೊಂಗೆ ಹಚ್ಚಿರಿ. ಆಷಾಢದ ಮಳೆಯಲ್ಲಿ ಸಸಿ ಹಚ್ಚಿ ಫೋಟೋ ತೆಗೆಸಿಕೊಳ್ಳುವವರು ಬಹಳ. ಚೈತ್ರದ ಬಿಸಿಲಿನಲ್ಲಿ ಕೊಡ ಹೊತ್ತು ಹೋಗುವವರು ಕಡಿಮೆ. ಅಂಥವರು ಪ್ರತಿ ಊರಿನಲ್ಲೂ ನಾಲ್ವರಿದ್ದರೆ, ಆ ನೆಲ ಯಾರದೆಂದು ಮತ್ತೆ ಯಾರೂ ಕೇಳಲಾರರು.